ಶಾರಾಕುವಿನ ನಟರು

ಜಪಾನಿನ ಎದೊ ನಗರದ ಕಬುಕಿ ನಾಟಕದ ನಟರನ್ನು ಮರದಚ್ಚಿನಲ್ಲಿ ಮೂಡಿಸುತ್ತಿದ್ದ ಚಿತ್ರಕಾರರು ಅಭಿಮಾನಿಗಳ ಮನವನ್ನರಿತು ಮುಖಗಳಿಗೆ ಲಾವಣ್ಯವನ್ನು ಧಾರಾಳವಾಗಿ ಹಂಚುತ್ತಿದ್ದ ಕಾಲದಲ್ಲಿ, 1794ರಲ್ಲಿ, ಪೂರ್ವವೃತ್ತಾಂತವು ಖಚಿತವಾಗಿ ತಿಳಿಯದ ಶಾರಾಕು ಎಂಬಾತನು ತ್ಸುತಾಯ ಜೂಜಾಬುರೊ ಎಂಬ ಪ್ರಕಾಶಕನ ಆಶ್ರಯದಲ್ಲಿ ಕಾಣಿಸಿಕೊಂಡು, ಸುಮಾರು 10 ತಿಂಗಳಲ್ಲಿ 140ಕ್ಕೂ ಮಿಕ್ಕ ಚಿತ್ರಗಳನ್ನಿತ್ತು ಮರೆಯಾದನು. ಒತಾನಿ ಒನಿಜಿಯೆಂಬ ನಟನು ಎದೊಬೆಯೆಂಬ ದುಷ್ಟ ಸೇವಕನ ಪಾತ್ರದಲ್ಲಿ ಹಣ ದೋಚಲು ಹವಣಿಸುವ ಚಿತ್ರವನ್ನೇ ನೋಡಿರಿ: ಅಭ್ರಕದ ಪುಡಿಯಿಂದ ಮಿನುಗುವ ಕಪ್ಪು ಹಿನ್ನೆಲೆಯ ಮುಂದೆ ಕತ್ತನ್ನು ಚಾಚಿ, ತುಟಿಗಳನ್ನು ಬಿಗಿದು ನಿಂತ ಆತನ ನಿಲುವಂಗಿಯೊಳಗಿಂದ ಬೆರಳುಗಳನ್ನು ಕವಲಾಗಿಸಿ ಹೊರಟ ಕೈಗಳು ಅಂಗರಚನೆಯ ದೃಷ್ಟಿಯಿಂದ ತೀರ ಪುಟ್ಟವು, ಅಸಂಬದ್ಧವಾದವು, ಆದರೆ ದುರಾಶೆಯ ಅಭಿನಯಕ್ಕೆ ಅವಕ್ಕಿಂತ ಸಮರ್ಥವಾದ ಹಸ್ತಗಳನ್ನು ನಾನರಿಯೆ.

ಸ್ತ್ರೀವೇಷಧಾರಿಗಳನ್ನು ಬರೆಯುವಾಗಲೂ, ಬಳಿದ ಬಿಳುಪಿನಡಿಯ ಗಂಡು ದವಡೆಯನ್ನಾಗಲಿ ಸಂದ ವಯಸ್ಸನ್ನಾಗಲಿ ಶಾರಾಕು ಮುಚ್ಚಿಡಲಿಲ್ಲ. (ಆ ನಟರಿಗೆ ಇದು ರುಚಿಸದಿದ್ದರೆ ಅವರನ್ನು ದೂರುವಂತಿಲ್ಲ.) ಅತಿ ಯಥಾರ್ಥವಾಗಿ ಬರೆಯಹೋದುದರಿಂದಲೇ ಆತನ ವೃತ್ತಿ ಬಾಳಲಿಲ್ಲವೆಂಬ ಅರ್ಥದ ಮಾತನ್ನು ಸಮಕಾಲೀನ ಲೇಖಕನಾದ ಓತಾ ನಾಂಪೊ ಬರೆದಿಟ್ಟಿದ್ದಾನೆ. 1794ರಲ್ಲೇ ಅದೇ ರಂಗದ ನಟರನ್ನು ಬರೆಯತೊಡಗಿದ ತೊಯೊಕುನಿಯೆಂಬ ಚಿತ್ರಕಾರನು ಅವರನ್ನು ಸುಂದರರನ್ನಾಗಿಯೇ ನಿಲ್ಲಿಸಿ, ಬಹುಕಾಲ ಜನಪ್ರಿಯನಾಗಿ ಬಾಳಿದನು.