ಮುಗಿದ ಮೇಲಿನ ಒಂದು ವರ್ಷ

ತ್ರಿಪ್ಲಿಕೇನಿನಲ್ಲಿ ನಾವಿರುವ ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ ಮಂಗಳೂರು ಸೀಮೆಯ ನಿವೃತ್ತ ಅಧ್ಯಾಪಕಿಯೊಬ್ಬರಿದ್ದಾರೆ. 2025ರ ಅಕ್ಟೋಬರ್ ಕೊನೆಯ ಒಂದು ಸಂಜೆ ಅವರು ತಮ್ಮ ಲ್ಯಾಪ್‌ಟಾಪನ್ನು ಹಳೆಯ ಸೀರೆಯಲ್ಲಿ ಸುತ್ತಿ ನಮ್ಮಲ್ಲಿಗೆ ತಂದರು. "ಇದರ ಆಯುಸ್ಸು ತೀರಿತಂತೆ. ಹೊಸದನ್ನು ಕೊಳ್ಳದೆ ಗತಿಯಿಲ್ಲವೆಂದು ರಿಪೇರಿಯವನು ಹೇಳಿದ" ಎಂದರು. ಅದರೊಳಗೆ ಅವರ ದಿವಂಗತ ಪತಿ ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ್ದ ಅನುವಾದಗಳಿದ್ದವು. ಏನಾದೀತೋ ಎಂಬ ಅಂಜಿಕೆಯಿಂದ ಹತ್ತು ದಿನಗಳಿಂದ ಅವರು ಅದನ್ನು ತೆರೆದೇ ಇರಲಿಲ್ಲ.

ನಮಗೆ ನಾಚಿಕೆಯಾಯಿತು. ತಿಂಗಳ ಹಿಂದೆ ಅವರು ವಿಚಾರಿಸಿದಾಗ, "ಏನೂ ಆಗದು, ಹಾಗೆಯೇ ಬಳಸಿ" ಎಂದು ಉಡಾಫೆಯಿಂದ ಹೇಳಿ ಕಳುಹಿಸಿದವರು ನಾವೇ. ರಿಪೇರಿಯವನ ಮಾತು ಅರ್ಧಸತ್ಯವಾದರೆ ನಮ್ಮದು ಅದಕ್ಕಿಂತ ಅಪಾಯಕರವಾದ ಇನ್ನೊಂದು ಅರ್ಧಸತ್ಯ.

2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಯಂತ್ರವೇನೋ ಮೊದಲಿನಂತೆಯೇ ನಡೆಯುತ್ತದೆ. ಆದರೆ ಹೊಸದಾಗಿ ಕಂಡುಬರುವ ಬಿರುಕುಗಳಿಗೆ ತೇಪೆ ಬರುವುದಿಲ್ಲ. ಟಿಪಿಎಂ 2.0 ಮುಂತಾದ ಸೌಲಭ್ಯಗಳಿಲ್ಲದ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವೂ ಅಲ್ಲ. ಆದರೂ ಮನೆಬಳಕೆದಾರರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಪರಿಷ್ಕರಣೆಗಳನ್ನು ಪಡೆಯುವ ದಾರಿಯುಂಟು. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ಹೆಸರು ನೋಂದಾಯಿಸಬೇಕು. ಮೈಕ್ರೋಸಾಫ್ಟ್ ಖಾತೆಯ ಮೂಲಕ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದವರಿಗೆ ಶುಲ್ಕವಿಲ್ಲ. ಬರುವುದು ತೇಪೆಗಳು ಮಾತ್ರ, ಹೊಸ ಸೌಕರ್ಯಗಳಲ್ಲ.

ತೇಪೆಯ ಬೆಲೆ ಸಣ್ಣದಲ್ಲ. 2017ರ ಮೇ ತಿಂಗಳಿನಲ್ಲಿ ವಾನ್ನಾಕ್ರೈ ಹಬ್ಬಿದಾಗ, ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಕಳುಹಿಸಬೇಕಾಯಿತು. ಅದು ಅಪವಾದ, ಅಂಥ ದಯೆಯನ್ನು ನೆಚ್ಚಿ ಕೂರಲಾಗದು.

ಮೊದಲು ಅನುವಾದಗಳನ್ನು ಪೆನ್‌ಡ್ರೈವಿಗೆ ನಕಲಿಸಿದೆವು. ಆಮೇಲೆ ನೋಂದಣಿ ಮುಗಿಸಿದೆವು. ಅಷ್ಟು ಹೊತ್ತೂ ಆಕೆ ಮಾತನಾಡಲಿಲ್ಲ. ಕೊನೆಗೆ ಪತಿಯ ಕಪಾಟಿನಲ್ಲಿರುವ ಕಿಟೆಲ್ ನಿಘಂಟಿನ ಸುದ್ದಿ ತೆಗೆದರು. 1894ರ ಆ ನಿಘಂಟನ್ನು, ಕಿಟೆಲ್ ತೀರಿಕೊಂಡು ಆರು ದಶಕಗಳಾದ ಮೇಲೆ, ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹಿಗ್ಗಿಸಿದರು. ಇಲ್ಲೇ ಕಡಲ ದಂಡೆಯಲ್ಲಿರುವ ಮದ್ರಾಸು ವಿಶ್ವವಿದ್ಯಾನಿಲಯ 1968ರಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. "ಮುಗಿದದ್ದನ್ನೂ ಯಾರಾದರೂ ನೋಡಿಕೊಳ್ಳುತ್ತಾರೆ ಎಂದು ಇವರು ಹೇಳುತ್ತಿದ್ದರು" ಎಂದರು.

ನಿಘಂಟಿಗಿರುವಷ್ಟು ಆಯುಷ್ಯ ಈ ಯಂತ್ರಕ್ಕಿಲ್ಲವೆಂದು ನಾವು ತಿಳಿಸಿದೆವು. ಅವರ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ 2026ರ ಅಕ್ಟೋಬರ್ 13 ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆವು. ಈ ಬಾರಿ ಪೂರ್ತಿ ಹೇಳಿಯೇ ಕೆಳಗಿಳಿದೆವು.