ರಜಾ ನಿಮಗರೀ ಸರ್

ಮಹಾರಾಷ್ಟ್ರದಲ್ಲಿ ಮೇ 1 ಕಾರ್ಮಿಕರ ದಿನವೂ ಹೌದು, 1960ರಲ್ಲಿ ರಾಜ್ಯ ಹುಟ್ಟಿದ ದಿನವೂ ಹೌದು. ಅಂಗಡಿಗಳಿಗೆ ಮಾತ್ರ ಅದು ಆಫರ್ ದಿನ. ಪುಣೆಯ ಮಾಲುಗಳಲ್ಲಿ ಆವತ್ತು ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ದಿನ ಯಾರ ಹೆಸರಿನಲ್ಲಿದೆಯೋ ಅವರನ್ನೇ ಕೌಂಟರಿನ ಹಿಂದೆ ನಿಲ್ಲಿಸಿ, ಉಳಿದವರೆಲ್ಲ ಖರೀದಿಗೆ ಹೊರಡುವ ಹಬ್ಬ ಇದೊಂದೇ ಇರಬೇಕು.

ಕಳೆದ ವರ್ಷ ಆವತ್ತು ಸೂಪರ್ ಮಾರ್ಕೆಟ್ಟಿನಲ್ಲಿ ನಾನು, ಹೆಂಡತಿ ಕನ್ನಡದಲ್ಲಿ ಮಾತಾಡುತ್ತಿದ್ದುದನ್ನು ಕೇಳಿ ಬಿಲ್ಲು ಮಾಡುವ ಹುಡುಗಿಯ ಮುಖ ಅರಳಿತು. ವಿಜಯಪುರದ ಕಡೆಯವಳಂತೆ.

"ಇವತ್ತು ರಜೆ ಇಲ್ಲವೇನಮ್ಮ?" ಅಂದೆ.

"ರಜಾ ನಿಮಗರೀ ಸರ್. ನಿಮಗ ರಜಾ ಇದ್ದ ದಿನಾನ ನಮಗ ಡಬಲ್ ಕೆಲಸ."

"ಹಾಗಾದರೆ ಪಗಾರವೂ ಡಬಲ್ ಕೊಡ್ತಾರೋ?"

"ಅದೆಲ್ಲಿಂದ ಬರ್ತೈತ್ರೀ!" ಎಂದು ನಕ್ಕು, "ಕ್ಯಾರಿಬ್ಯಾಗ್ ಬೇಕೇನ್ರೀ?" ಅಂದಳು.

ಅದು ಬರುವುದು ಕಾನೂನಿನಿಂದ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಕೆಲಸಗಾರರಿಗೆ ವರ್ಷಕ್ಕೆ ಎಂಟು ಸಂಬಳ ಸಹಿತ ಹಬ್ಬದ ರಜೆ ಕೊಡುತ್ತದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಕಡ್ಡಾಯ. ಉಳಿದ ನಾಲ್ಕು ಮಾಲೀಕ ಮತ್ತು ಕೆಲಸಗಾರರು ಮಾತಾಡಿಕೊಂಡು ಗೊತ್ತು ಮಾಡುವಂಥವು. ಆ ದಿನ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ ಕೊಡಬೇಕು, ಮೇಲೆ ಬದಲಿ ರಜೆಯನ್ನೂ. ನಮ್ಮೂರ ಕಡೆಯ 1963ರ ಕಾಯ್ದೆಯಲ್ಲಿ ಕಡ್ಡಾಯ ರಜೆಗಳ ಸಾಲಿನಲ್ಲಿ ನವೆಂಬರ್ 1 ಕೂಡ ಇದೆ. ರಾಜ್ಯೋತ್ಸವದ ಶುಭಾಶಯವನ್ನು ಮೊಬೈಲಿನಲ್ಲಿ ದೂಡುವ ಎಷ್ಟು ಜನರಿಗೆ ಇದು ಗೊತ್ತಿದೆಯೋ!

ವಾರದ ರಜೆಯೂ ಪುಕ್ಕಟೆ ಬಂದದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಮುಂಬಯಿ ಗಿರಣಿ ಕೆಲಸಗಾರರ ಸಂಘ ಕಟ್ಟಿ, ವರ್ಷಗಟ್ಟಲೆ ಕೇಳಿದ ಮೇಲೆ 1890ರಲ್ಲಿ ಮಾಲೀಕರು ಭಾನುವಾರ ಬಿಟ್ಟುಕೊಟ್ಟರು.

ಹಾಗಂತ ರಜಾದಿನ ಏನನ್ನೂ ಕೊಳ್ಳುವುದು ಬೇಡ ಅನ್ನೋಣವೇ? ಹೆಂಡತಿ ಒಪ್ಪಲಿಲ್ಲ. "ಮನೆಗೆ ಸಾಮಾನು ತರೋ ಹುಡುಗನಿಗೆ ಆರ್ಡರ್ ಬರದಿದ್ದರೆ ಆವತ್ತಿನ ಕೂಲಿಯೇ ಇಲ್ಲವಲ್ಲ?" ಅಂದಳು. ಅದೂ ನಿಜ. ಆಪ್‌ನವರ ಭಾಷೆಯಲ್ಲಿ ಅವನು 'ಪಾರ್ಟ್ನರ್'. ಪಾಲುದಾರನಿಗೆ ರಜೆ ಎಲ್ಲಿಂದ? ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆಂದು ಕಾಯ್ದೆ ಮಾಡಿ ಕಲ್ಯಾಣ ಮಂಡಳಿ ತಂದಿತು. ಒಳ್ಳೆಯದೇ. ಆದರೆ ಹಬ್ಬದ ದಿನ ಮನೆಯಲ್ಲಿ ಕೂತರೂ ಕೂಲಿ ಸಿಗುವ ಕಾಲ ಇನ್ನೂ ದೂರವಿದೆ.

ನಮ್ಮದೇ ಆಫೀಸಿನಲ್ಲಿ ದೀಪಾವಳಿಯಂದು ಕ್ಲೈಂಟ್ ಕರೆದರೆ ಮರುದಿನವೇ ಕಾಂಪ್ ಆಫ್ ಅರ್ಜಿ ಬೀಳುತ್ತದೆ, ಎಚ್‌ಆರ್ ತಡಮಾಡಿದರೆ ಖಾರವಾದ ಮೇಲ್ ಹೋಗುತ್ತದೆ. ಅದೇ ನಾವು ಹತ್ತು ನಿಮಿಷಕ್ಕೆ ಬರಬೇಕಿದ್ದ ಕೊತ್ತಂಬರಿ ಹದಿನೈದು ನಿಮಿಷಕ್ಕೆ ಬಂದರೆ ಒಂದು ಸ್ಟಾರ್ ಕಿತ್ತುಕೊಳ್ಳುತ್ತೇವೆ.

ಅಂಗಡಿ, ಆಪ್ ನಮ್ಮ ಕೈಲಿಲ್ಲ, ಸೊಸೈಟಿ ಇದೆಯಲ್ಲ. ಆ ನಾಲ್ಕು ದಿನ ವಾಚ್‌ಮನ್‌ಗಳಿಗೂ ಕಸ ಗುಡಿಸುವವರಿಗೂ ಡಬಲ್ ಕೊಡೋಣ ಎಂದು ಮೀಟಿಂಗಿನಲ್ಲಿ ಕೇಳಿದೆ. ಲೆಕ್ಕ ಹಾಕಿದರೆ ಮನೆಯೊಂದಕ್ಕೆ ಬಿದ್ದದ್ದು ಒಂದು ಪಿಜ್ಜಾಕ್ಕಿಂತ ಕಡಿಮೆ. "ಕಾಂಟ್ರಾಕ್ಟರು ನೋಡಿಕೊಳ್ಳಲಿ, ನಮಗೇಕೆ?" ಎಂದರು ಒಬ್ಬರು. ಅರ್ಧ ಗಂಟೆ ವಾದವಾಯಿತು. ಕೊನೆಗೆ ಸೆಕ್ರೆಟರಿ ವಿಷಯವನ್ನು ಮುಂದಿನ ಸಭೆಗೆ ಹಾಕಿದ್ದಾರೆ. ಸಭೆ ಆಗಸ್ಟ್ 15ಕ್ಕೆ, ಧ್ವಜಾರೋಹಣದ ನಂತರ. ಕುರ್ಚಿ ಹಾಕುವವರು ವಾಚ್‌ಮನ್‌ಗಳೇ.