ನಮ್ಮೂರಿಗೂ ಮಳೆ ಬಂತು

ಸಹೋದರಿಯರೇ, ಇದನ್ನು ಓದುವ ನಿಮ್ಮಲ್ಲಿ ಬಹಳ ಮಂದಿ ಕರಾವಳಿಯವರು. ನಿಮಗೆ ಮಳೆಯೆಂದರೆ ನಾಲ್ಕು ತಿಂಗಳು ಒಣಗದ ಬಟ್ಟೆ, ಅಂಗಳದ ಪಾಚಿ, ಶಾಲೆಯಲ್ಲಿ ಕೊಡೆ ಮರೆತು ಬರುವ ಮಕ್ಕಳು. ನಮ್ಮ ಹಂಪಸಾಗರದಲ್ಲಿ ಮಳೆಯೆಂದರೆ ಅಪರೂಪಕ್ಕೆ ಬರುವ ನೆಂಟ. ನಿಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಹಗರಿಬೊಮ್ಮನಹಳ್ಳಿ ತಾಲೂಕಿನ ನಮಗೆ ಸಿಗುವುದು 600ರ ಆಸುಪಾಸು. ಜುಲೈ ತಿಂಗಳಲ್ಲಿ ಗಾಳಿಯೇ ಜಾಸ್ತಿ, ಹನಿ ಕಡಿಮೆ. ಮೋಡ ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತದೆ, ನಾವು ಕತ್ತೆತ್ತಿ ನೋಡುತ್ತಾ ನಿಲ್ಲುತ್ತೇವೆ.

ಹಾಗಿರುವಾಗ ಕಳೆದ ಪುಷ್ಯ ಮಳೆಯಲ್ಲಿ ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಬಿಡದೆ ಸುರಿಯಿತು. ಅಂದು ವಿಶೇಷವೇನೂ ನಡೆಯಲಿಲ್ಲ. ಹಬ್ಬವಲ್ಲ, ರಜೆಯಲ್ಲ, ಬರೀ ಬುಧವಾರ. ಆ ಬುಧವಾರದ ಬಗ್ಗೆಯೇ ನಿಮಗೆ ಹೇಳಬೇಕೆನಿಸಿದೆ.

ಫಜ್ರ್ ಅಝಾನ್ ಮಳೆಯ ಸದ್ದಿನಲ್ಲಿ ಅರ್ಧಂಬರ್ಧ ಕೇಳಿಸಿತು. ವಿಪರೀತ ಮಳೆ, ಚಳಿ ಇದ್ದಾಗ ಮನೆಯಲ್ಲೇ ನಮಾಝ್ ಮಾಡಿಕೊಳ್ಳಲು ಪ್ರವಾದಿವರ್ಯರು(ಸ) ಅನುಮತಿ ಕೊಟ್ಟಿದ್ದರು ಎಂದು ಮದ್ರಸದಲ್ಲಿ ನಮ್ಮ ಆಪಾ ಕಲಿಸಿದ್ದರು. ಅದನ್ನು ನನ್ನವರಿಗೆ ನೆನಪಿಸಿದೆ. ಅವರು ನಕ್ಕು, ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮಸೀದಿಗೆ ಹೊರಟೇಬಿಟ್ಟರು. ಮಳೆಯಲ್ಲಿ ನೆನೆಯಲು ಅವರಿಗೊಂದು ನೆಪ ಬೇಕಿತ್ತೆಂದು ನನಗೆ ಗೊತ್ತು! ಮಳೆ ಬಿದ್ದಾಗ ಪ್ರವಾದಿಯವರೂ(ಸ) ಬಟ್ಟೆ ಸರಿಸಿ ಮೈಮೇಲೆ ಹನಿ ಬೀಳಲು ಬಿಡುತ್ತಿದ್ದರಂತೆ, ಅದು ಈಗಷ್ಟೇ ತನ್ನ ಪ್ರಭುವಿನ ಬಳಿಯಿಂದ ಬಂದದ್ದೆಂದು. ಹಾಗಾಗಿ ನಾನೂ ಸುಮ್ಮನಾದೆ.

ಕಟ್ಟಿಗೆ ಒದ್ದೆಯಾಗಿತ್ತು. ಗ್ಯಾಸಿನ ಮೇಲೆಯೇ ಜೋಳದ ರೊಟ್ಟಿ ಬಡಿದೆ. ಹೊರಗೆ ತಗಡಿನ ಮೇಲೆ ಮಳೆಯ ಸದ್ದು, ಒಳಗೆ ರೊಟ್ಟಿ ಬಡಿಯುವ ಸದ್ದು. ಮಕ್ಕಳು ಒಲೆಯ ಪಕ್ಕದಲ್ಲೇ ಕುಳಿತು, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಎಣ್ಣೆ ಹಚ್ಚಿಕೊಂಡು ತಿಂದರು. ಬೇರೆ ದಿನ 'ರೊಟ್ಟಿನಾ?' ಎಂದು ಮೂಗೆಳೆಯುವ ಮಗಳು ಅಂದು ಮೂರು ತಿಂದಳು.

ಶಾಲೆಗೆ ನಡೆದುಹೋಗುವಾಗ ಎರೆಮಣ್ಣು ಚಪ್ಪಲಿಗೆ ಅಂಟಿ, ಒಂದೊಂದು ಕಾಲೂ ಎರಡು ಕಿಲೋ ಆಗಿತ್ತು. ನಾಲ್ಕನೇ ತರಗತಿಯಲ್ಲಿ ಅರ್ಧ ಮಕ್ಕಳೂ ಇಲ್ಲ. ಮಳೆಗೆ ಹೆದರಿ ಉಳಿದವರಲ್ಲ ಅವರು. ಬೆಳಗ್ಗೆ ಮಳೆ ಜೋರಾಗುವ ಮೊದಲೇ ಕೂಲಿ ಹೆಂಗಸರೆಲ್ಲ ಮೆಕ್ಕೆಜೋಳದ ಹೊಲಗಳಿಗೆ ಕಳೆ ತೆಗೆಯಲು, ಗೊಬ್ಬರ ಹಾಕಲು ಹೊರಟುಹೋಗಿದ್ದರು. ಹದ ಕಾಯುವುದಿಲ್ಲ. ಇಲ್ಲಿ ಮಳೆಯ ದಿನ ಮನೆಯಲ್ಲಿ ಬೆಚ್ಚಗೆ ಕೂರುವ ಭಾಗ್ಯ ನನ್ನಂಥ ಸಂಬಳದವಳಿಗೆ ಮಾತ್ರ. ಅವರ ಮನೆಗಳಲ್ಲಿ ಕೂಸು ನೋಡಿಕೊಳ್ಳುವ ಕೆಲಸ ಹೆಣ್ಣುಮಕ್ಕಳ ಪಾಲಿಗೆ ಬೀಳುತ್ತದೆ. ಗಂಡುಮಕ್ಕಳು ಶಾಲೆಗೆ ಬಂದಿದ್ದರು, ಎಣಿಸಿ ನೋಡಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಕಂಕುಳಲ್ಲಿ ವರ್ಷ ಒಂದೂವರೆಯ ತಮ್ಮ, ಅವನ ತಲೆಯ ಮೇಲೆ ಅವಳ ಪಾಟಿಚೀಲ.

"ಅವ್ವ ಕಳೆ ತೆಗಿಯಾಕ ಹೋಗ್ಯಾಳ್ರಿ ಟೀಚರ್. ಇವನ್ನ ಕರ್ಕೊಂಡು ಬರಬೌದೇನ್ರಿ?"

ನಾನು ಅವನನ್ನು ಎತ್ತಿಕೊಂಡು ನನ್ನ ದುಪಟ್ಟಾದಿಂದ ತಲೆ ಒರೆಸಿದೆ. ಶಾಲೆ ಕೂಸಿನ ಮನೆಯಲ್ಲ ಎಂದು ಹೇಳುವವರು ಇದ್ದಾರೆ. ನಿಜ, ಅಲ್ಲ. ಕೂಸಿನ ಮನೆಗಳನ್ನು ಸರಕಾರ 2023ರಲ್ಲಿ ಘೋಷಿಸಿತು, ಮುಖ್ಯವಾಗಿ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ. ಹೊಲದ ಕೂಲಿಗೆ ಹೋಗುವ ತಾಯಿಗೂ ಅದು ಅಷ್ಟೇ ಅಗತ್ಯ, ಅದರಲ್ಲೂ ಬಿತ್ತನೆ, ಕಳೆಯ ದಿನಗಳಲ್ಲಿ. ಅದು ಎಲ್ಲರಿಗೂ ಸಿಗುವತನಕ ಈ ಹುಡುಗಿ ಮನೆಯಲ್ಲಿ ಉಳಿಯಬೇಕೋ, ತಮ್ಮನೊಂದಿಗೆ ತರಗತಿಯಲ್ಲಿ ಕೂರಬೇಕೋ? ಕೂರಲಿ ಎಂದೇ ನನ್ನ ತೀರ್ಮಾನ. ಬಿಸಿಯೂಟದ ಹೊತ್ತಿಗೆ ಆ ಪುಟ್ಟ ಅಕ್ಕನ ತಟ್ಟೆಯಿಂದಲೇ ಉಂಡು ಚಾಪೆಯ ಮೇಲೆ ಮಲಗಿಬಿಟ್ಟ.

ಮಧ್ಯಾಹ್ನ ಪಾಠಪುಸ್ತಕ ಬದಿಗಿಟ್ಟು ನಕ್ಷೆ ತೆಗೆದೆ. ನಮ್ಮೂರಲ್ಲಿ ಮಳೆಯೇ ಇಲ್ಲದಿದ್ದಾಗಲೂ ಹೊಳೆ ಯಾಕೆ ತುಂಬುತ್ತದೆ ಎಂದು ಹಿಂದೊಮ್ಮೆ ಒಬ್ಬ ಕೇಳಿದ್ದ. ಚಿಕ್ಕಮಗಳೂರಿನ ಗಂಗಾಮೂಲದಿಂದ ಬೆರಳಿಟ್ಟು ತುಂಗಾ ಒಂದು ಕಡೆ, ಭದ್ರಾ ಒಂದು ಕಡೆ ಇಳಿದು ಬರುವುದನ್ನು, ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಸೇರುವುದನ್ನು ತೋರಿಸಿದೆ. ಮಲೆನಾಡಿನವರ ಮೇಲೆ ಬಿದ್ದ ಮಳೆ ನಮ್ಮ ಹಿನ್ನೀರಾಗುತ್ತದೆ. ನಮ್ಮ ಹೊಲಕ್ಕೆ ಮಾತ್ರ ನಮ್ಮ ಮೋಡವೇ ಬೇಕು. ಆ ಹುಡುಗಿ ನಕ್ಷೆಯ ನೀಲಿ ಗೆರೆಯನ್ನು ಕೊನೆಯವರೆಗೂ ಬೆರಳಿನಿಂದ ಹಿಂಬಾಲಿಸಿದಳು. ಮನೆಯಲ್ಲಿ ಉಳಿದಿದ್ದರೆ ಅದು ಅವಳಿಗೆ ತಪ್ಪುತ್ತಿತ್ತು.

ಸಂಜೆ ಮನೆಗೆ ಬಂದರೆ ಕರೆಂಟಿಲ್ಲ. ಒಳಗಿನ ಹಗ್ಗದ ತುಂಬಾ ಒದ್ದೆ ಬಟ್ಟೆ. ಇಂಥ ಹೊತ್ತಿಗೆ ನಮ್ಮ ಕಡೆ ಒಂದೇ ತಿಂಡಿ: ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಳೆ ಬಂದರೆ ಮನೆಯವರಿಗೆಲ್ಲ ಬಜ್ಜಿ ನೆನಪಾಗುತ್ತದೆ, ಬಾಣಲೆಯ ಮುಂದೆ ನಿಲ್ಲುವವಳು ಮಾತ್ರ ಒಬ್ಬಳೇ ಎಂಬುದು ನಿಮಗೂ ಗೊತ್ತು. ಅಂದು ಮಗನಿಗೆ ಈರುಳ್ಳಿ ಹೆಚ್ಚಲು ಹೇಳಿದೆ, ಅವರಪ್ಪನಿಗೆ ಮಂಡಕ್ಕಿ ತೋಯಿಸಿ ಹಿಂಡಲು. ಅಳುತ್ತಾ ಹೆಚ್ಚಿದ, ಆದರೆ ಹೆಚ್ಚಿದ.

ಮೇಣದ ಬತ್ತಿಯ ಬೆಳಕಿನಲ್ಲಿ ನಮ್ಮ ಅತ್ತೆ ಮಾತಿಗಿಳಿದರು. ಅವರಿಗೆ ಎಂಬತ್ತು ದಾಟಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಾಗ ಮುಳುಗಿದ ಹತ್ತಾರು ಹಳ್ಳಿಗಳಲ್ಲಿ ಅವರು ಹುಟ್ಟಿದ ಊರೂ ಒಂದು. ಗಾಡಿಯಲ್ಲಿ ಬೀಸುವ ಕಲ್ಲು, ಕೋಳಿಬುಟ್ಟಿ ಹೇರಿಕೊಂಡು ಹೊರಟದ್ದು ಅವರಿಗೆ ಈಗಲೂ ನೆನಪಿದೆ. ಅವರ ಅಜ್ಜ ಅಜ್ಜಿಯ ಕಬರು ಅಲ್ಲೇ ನೀರಿನಡಿ ಉಳಿಯಿತು. ಅಂಥವರು ನೀರನ್ನು ದ್ವೇಷಿಸಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ.

ಆದರೆ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತುಂಬಿದ ಹೊಳೆ ದಿನದಿನಕ್ಕೂ ಇಳಿಯತೊಡಗಿದಾಗ, ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಂಗೆಟ್ಟವರು ಅತ್ತೆಯೇ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ 105ರಷ್ಟೇ ಉಳಿದಿದೆ, ಅದೂ ಹರಿದುಹೋದರೆ? ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರು ಹರಿಯುವ ನೀರಿನಲ್ಲೇ ಉಕ್ಕಿನ ತಡೆಗಳನ್ನು ಇಳಿಸಿ ವಾರದೊಳಗೆ ಅದನ್ನು ಮುಚ್ಚಿದರು. ಆ ಒಂದು ವಾರ ಅತ್ತೆ ತಸ್ಬೀಹ್ ಕೆಳಗಿಡಲಿಲ್ಲ.

"ಯಾಕೆ ಅಮ್ಮೀ, ಆ ನೀರೇ ಅಲ್ಲವೇ ನಿಮ್ಮ ಊರನ್ನು ನುಂಗಿದ್ದು?" ಎಂದು ಈ ಮಳೆಯ ಸಂಜೆ ನಾನು ಕೇಳಿದೆ.

"ನುಂಗಿದ್ದು ಹೌದಮ್ಮ," ಎಂದರು. "ಅಷ್ಟು ಕೊಟ್ಟು ಪಡೆದ ನೀರು. ಅದು ಸುಮ್ಮನೆ ಹರಿದುಹೋದರೆ ನಾವು ಊರು ಬಿಟ್ಟದ್ದು ಯಾಕಾಯಿತು?"

ಯಾರೂ ಮಾತಾಡಲಿಲ್ಲ. ಮಗ ಮತ್ತೊಂದು ಬಜ್ಜಿಯನ್ನು ಅಜ್ಜಿಯ ತಟ್ಟೆಗೆ ಹಾಕಿದ. ಹಲ್ಲಿಲ್ಲದ ಅವರು ಅದರ ಹಿಟ್ಟನ್ನಷ್ಟೇ ತಿಂದು, ಮೆಣಸಿನಕಾಯಿಯನ್ನು ಅವನಿಗೇ ಕೊಟ್ಟರು.

ಇಶಾ ಮುಗಿಸಿ, ಈ ಮಳೆ ಉಪಕಾರಿ ಮಳೆಯಾಗಲೆಂದು ಎಲ್ಲರೂ ದುಆ ಮಾಡಿ ಕೌದಿ ಹೊದ್ದುಕೊಂಡೆವು. ತಗಡಿನ ಸದ್ದು ಇನ್ನೂ ನಿಂತಿರಲಿಲ್ಲ. ನಾಳೆಯೂ ಕಳೆಯ ಕೆಲಸವಿರುತ್ತದೆ, ಆ ಹುಡುಗಿ ನಾಳೆಯೂ ತಮ್ಮನನ್ನು ಎತ್ತಿಕೊಂಡು ಬರಬಹುದು. ಎದ್ದು ಅಡುಗೆಮನೆಗೆ ಹೋಗಿ, ಉಳಿದಿದ್ದ ಒಣ ಮಂಡಕ್ಕಿಯನ್ನು ಡಬ್ಬಿಗೆ ತುಂಬಿ ಚೀಲದಲ್ಲಿಟ್ಟುಕೊಂಡೆ, ಜೊತೆಗೊಂದು ಒಣಗಿದ ಟವೆಲ್ಲು.